ಹತ್ತೊಂಬತ್ತು ಸೆಕೆಂಡು

ಸುಮ್ಮನಿರುವುದು ಕತ್ತರಿಯಕ್ಕನ ಜಾಯಮಾನದಲ್ಲೇ ಇರಲಿಲ್ಲ. ಇನ್ನೊಬ್ಬರು ಸುಮ್ಮನಿದ್ದರೂ ಆಕೆಗೆ ತಡೆಯಲಾಗುತ್ತಿರಲಿಲ್ಲ. ಎದುರಿಗೆ ಕೂತವರು ಮಾತಿನ ನಡುವೆ ಉಸಿರೆಳೆದುಕೊಳ್ಳಲು ನಿಂತರೆ ಸಾಕು, ಉಳಿದರ್ಧ ಮಾತನ್ನು ತಾನೇ ಹೇಳಿ ಮುಗಿಸಿ, "ಅದೇ ತಾನೆ?" ಎಂದು ಕೇಳುತ್ತಿದ್ದಳು. ಹತ್ತಕ್ಕೆ ಎಂಟು ಸಲ ಅದೇ ಆಗಿರುತ್ತಿತ್ತು. ಹಾಗಾಗಿ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ.

ಕಸುಬೂ ಆಕೆಗೆ ಹೇಳಿ ಮಾಡಿಸಿದಂಥದ್ದೇ ಸಿಕ್ಕಿತ್ತು. ಆಕೆಯ ತಮ್ಮ ಕ್ಯಾಮೆರಾ ಹೊತ್ತು ಊರೆಲ್ಲ ಸುತ್ತಿ, ಗಂಟೆಗಟ್ಟಲೆ ವಿಡಿಯೊ ಹಿಡಿದು ತಂದು ಸುರಿಯುತ್ತಿದ್ದ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಪರದೆಗಳ ಮುಂದೆ ಕೂತು ಈಕೆ ಅದನ್ನು ಕತ್ತರಿಸಿ ಒಂದು ಆಕಾರಕ್ಕೆ ತರುತ್ತಿದ್ದಳು. 'ಕತ್ತರಿ' ಎಂದು ಮೊದಲು ಕರೆದವನು ತಮ್ಮ, ಅದಕ್ಕೆ 'ಅಕ್ಕ' ಸೇರಿಸಿ ಮರ್ಯಾದೆ ಕೊಟ್ಟವನು ಕೆಳಗಿನ ಬೀಗದವನು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಎಡಿಟಿಂಗ್ ನೋಡದವರಿಗೆ ಒಂದು ಮಾತು ಹೇಳಬೇಕು. ಪರದೆಯ ಕೆಳಭಾಗದಲ್ಲಿ ಒಂದೊಂದು ಕ್ಲಿಪ್ಪೂ ಒಂದೊಂದು ಉದ್ದನೆಯ ಪಟ್ಟಿಯಾಗಿ ಮಲಗಿರುತ್ತದೆ. ಅದರ ಅಂಚು ಹಿಡಿದು ಒಳಕ್ಕೆ ತಳ್ಳಿದರೆ ಅಷ್ಟು ಭಾಗ ಮರೆಯಾಗುತ್ತದೆ. ಅದಕ್ಕೆ ಟ್ರಿಮ್ ಮಾಡುವುದು ಅನ್ನುತ್ತಾರೆ. ಟ್ರಿಮ್ ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲ, ಅಂಚಿನ ಹಿಂದೆ ಅಡಗಿ ಕೂತಿರುತ್ತದೆ. ಎಳೆದರೆ ಮತ್ತೆ ಬರುತ್ತದೆ. ಎರಡು ಪಟ್ಟಿಗಳ ನಡುವೆ ಜಾಗ ಖಾಲಿ ಬಿದ್ದರೆ, ಅದನ್ನು ಆರಿಸಿ ಒಂದು ಗುಂಡಿ ಒತ್ತಬೇಕು. ಹಿಂದಿನದೆಲ್ಲ ಸರ್ರನೆ ಮುಂದಕ್ಕೆ ಸರಿದು ಅಂಟಿಕೊಳ್ಳುತ್ತದೆ. ಕತ್ತರಿಯಕ್ಕನ ಕೀಬೋರ್ಡಿನಲ್ಲಿ ಆ ಗುಂಡಿಯ ಮೇಲಿನ ಅಕ್ಷರ ಸವೆದು ಬೋಳಾಗಿತ್ತು. ಕೆಮ್ಮು, ತಡವರಿಕೆ, "ಅದೇನಂದ್ರೆ" ಎಂದು ಮೇಲೆ ನೋಡುವುದು, ಮಾತಿಗೆ ಮಾತಿನ ನಡುವಿನ ಮೌನ, ಎಲ್ಲವೂ ಆ ಗುಂಡಿಗೆ ಆಹುತಿ. ತನ್ನ ವಿಡಿಯೊ ನೋಡುತ್ತಾ ಯಾರೂ ಆಕಳಿಸಿದ್ದಿಲ್ಲ ಎಂದು ಆಕೆ ಕೊಚ್ಚಿಕೊಳ್ಳುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಕತ್ತರಿಸಿದ ಜಾಗದಲ್ಲಿ ಚಿತ್ರ ತಟಕ್ಕನೆ ಎಗರುತ್ತದೆ. ಅದನ್ನು ಮುಚ್ಚಲು ಮೇಲೊಂದು ಬೇರೆ ಕ್ಲಿಪ್ ಇಡಬೇಕು: ಕೇಳುತ್ತಾ ಕೂತವರು ತಲೆಯಾಡಿಸಿದ್ದು, ಮುಗುಳ್ನಕ್ಕಿದ್ದು, ಕೈ ಮೇಲೆ ಕೈ ಇಟ್ಟಿದ್ದು. ಪ್ರತಿ ಕೆಲಸಕ್ಕೂ ಆಕೆ ಮೊದಲು ಮಾಡುತ್ತಿದ್ದದ್ದೇ ಇಂಥ ತುಣುಕುಗಳನ್ನು ಹೆಕ್ಕಿ ಒಂದು ಫೋಲ್ಡರಿನಲ್ಲಿ ತುಂಬುವುದು. ಆ ಫೋಲ್ಡರಿಗೆ 'ತಲೆಯಾಟ' ಎಂದೇ ಹೆಸರು. ಯಾವ ಮಾತಿಗೆ ಆಡಿಸಿದ ತಲೆಯನ್ನೋ ಇನ್ಯಾವ ಮಾತಿಗೋ ಅಂಟಿಸುವುದು ಆ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ಅದನ್ನು ತಪ್ಪು ಎಂದು ಆಕೆಗೆ ಯಾರೂ ಹೇಳಿರಲಿಲ್ಲ, ಆಕೆಗೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಯಜಮಾನರ ವಿಡಿಯೊ ಆದ ಮೇಲೆ.

ಯಜಮಾನರು ಎಂದರೆ ಹಿಂದಿನ ಬೀದಿಯಲ್ಲಿದ್ದ ಎಂಬತ್ತು ವರ್ಷದ ಹಿರಿಯರು. ಮುದ್ರಣಾಲಯದಲ್ಲಿ ಒಂದೊಂದೇ ಸೀಸದ ಅಕ್ಷರ, ಅಂದರೆ ಅಚ್ಚಿನ ಮೊಳೆ, ಕೈಯಿಂದ ಹೆಕ್ಕಿ ಸಾಲು ಜೋಡಿಸುತ್ತಿದ್ದವರು. ಕಂಪ್ಯೂಟರ್ ಬಂದು ಮುದ್ರಣಾಲಯ ಮುಚ್ಚಿದಾಗ ಹದಿನಾರು ಪೆಟ್ಟಿಗೆ ಮೊಳೆಗಳನ್ನು ಮನೆಗೆ ತಂದು ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಒಂದು ಗಂಟೆ ಕೂತು ನಾಲ್ಕು ಸಾಲು ಜೋಡಿಸುವುದು, ಸಂಜೆ ಬಿಚ್ಚಿ ಮೊಳೆಗಳನ್ನು ಮತ್ತೆ ಪೆಟ್ಟಿಗೆಯಲ್ಲಿ ಅವುಗಳ ಮನೆಗೆ, ಅಂದರೆ ಖಾನೆಗೆ, ಹಾಕುವುದು. ಅಚ್ಚು ಹಾಕುವ ಮಾತೇ ಇಲ್ಲ. ಅವರಿಗೆ ಅದಿಲ್ಲದೆ ದಿನ ಕಳೆಯುತ್ತಿರಲಿಲ್ಲ, ಅಷ್ಟೆ.

ಆರು ವರ್ಷದ ಹಿಂದೆ ಅವರ ಮಂಡಿಗೆ ಆಪರೇಷನ್ ಆಯಿತು. ಜೊತೆಯಲ್ಲೇ ಇರುವ ಮಗಳು ಆಸ್ಪತ್ರೆಯಲ್ಲಿ ನರ್ಸು, ಕೆಲಸ ಎಂದರೆ ಕೈಗೆ ಬಿಡುವಿಲ್ಲದವಳು. ಅಪ್ಪ ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ, ಮಲಗುವ ಕೋಣೆ ಕೆಳಗೇ ಆಗಬೇಕು ಎಂದು ಲೆಕ್ಕ ಹಾಕಿ, ಅವರು ಆಸ್ಪತ್ರೆಯಲ್ಲಿದ್ದಾಗಲೇ ಮುಂದಿನ ಕೋಣೆ ಖಾಲಿ ಮಾಡಿಸಿದಳು. ಮಂಚ ಬಂತು, ಗೋಡೆಗೆ ಹಿಡಿದುಕೊಳ್ಳುವ ಕಂಬಿ ಬಂತು. ಹದಿನಾರು ಪೆಟ್ಟಿಗೆಗಳು ಗುಜರಿಯವನ ಗಾಡಿ ಹತ್ತಿದವು. ಯಜಮಾನರು ಕೋಲೂರಿಕೊಂಡು ಮನೆಗೆ ಬಂದು ಬಾಗಿಲಲ್ಲಿ ನಿಂತರು. "ಪೆಟ್ಟಿಗೆಗಳು?" ಎಂದು ಕೇಳಿದರು. "ಜಾಗ ಬೇಕಿತ್ತಲ್ಲಪ್ಪಾ, ಕೊಟ್ಬಿಟ್ಟೆ" ಎಂದಳು ಮಗಳು. ಅಷ್ಟರಲ್ಲಿ ಆ ಸೀಸವೆಲ್ಲ ಕರಗಿ ಹೋಗಿತ್ತು.

ಅಂದಿನಿಂದ ಯಜಮಾನರು ಮಗಳ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಕೂಗಲಿಲ್ಲ. ಮಾತ್ರೆ ಕೊಟ್ಟರೆ ಕೈ ಚಾಚುತ್ತಿದ್ದರು, ತಟ್ಟೆ ಇಟ್ಟರೆ ಉಣ್ಣುತ್ತಿದ್ದರು. ಏನಾದರೂ ಹೇಳಲೇಬೇಕಾದರೆ ಮಗನನ್ನು ಕರೆದು "ನಿಮ್ಮಕ್ಕನಿಗೆ ಹೇಳು" ಅನ್ನುತ್ತಿದ್ದರು. ಆ ಅಕ್ಕ ಅಲ್ಲೇ ಎರಡು ಮಾರು ದೂರದಲ್ಲಿ ಪಾತ್ರೆ ಒರೆಸುತ್ತಾ ನಿಂತಿರುತ್ತಿದ್ದಳು. ಹೀಗೆ ಒಂದೇ ಸೂರಿನಡಿ ಆರು ವರ್ಷ.

ಇದನ್ನೆಲ್ಲ ಕತ್ತರಿಯಕ್ಕನಿಗೆ ಹೇಳಿದ್ದು ಆ ಮಗ, ಶಾಲೆಯಲ್ಲಿ ಮೇಷ್ಟ್ರು. ಅಪ್ಪನ ಎಂಬತ್ತನೇ ಹುಟ್ಟುಹಬ್ಬಕ್ಕೆ ಒಂದು ಗಂಟೆಯ ವಿಡಿಯೊ ಮಾಡಿಸಬೇಕು, ಅವರ ಕೆಲಸದ ಕಥೆಯನ್ನು ಅವರ ಬಾಯಲ್ಲೇ ಹೇಳಿಸಬೇಕು, ಪ್ರಶ್ನೆ ಕೇಳುವವಳು ಅಕ್ಕ ಆಗಬೇಕು ಎಂಬುದು ಅವನ ಉಪಾಯ. ಕ್ಯಾಮೆರಾ ಮುಂದೆಯಾದರೂ ಅಪ್ಪ ಅಕ್ಕನಿಗೆ ಉತ್ತರ ಕೊಡಲೇಬೇಕಲ್ಲ ಎಂದು ನಕ್ಕ. ನಗುವಾಗ ಅವನ ಕಣ್ಣು ನಗುತ್ತಿರಲಿಲ್ಲ.

ಕತ್ತರಿಯಕ್ಕನ ತಮ್ಮ ಎರಡು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ, ಒಂದು ಅಪ್ಪನ ಮೇಲೆ, ಒಂದು ಮಗಳ ಮೇಲೆ. ಇಬ್ಬರ ಕಾಲರಿಗೂ ಪುಟ್ಟ ಮೈಕು. ಉಪಾಯ ಫಲಿಸಿತ್ತು. ಮಗಳು ಕಾಗದ ನೋಡಿಕೊಂಡು ಕೇಳುತ್ತಿದ್ದಳು, ಯಜಮಾನರು ಅವಳ ತಲೆಯ ಮೇಲಿನ ಗೋಡೆಗೆ ಉತ್ತರ ಹೇಳುತ್ತಿದ್ದರು. ಆದರೂ ಉತ್ತರ ಉತ್ತರವೇ. ನಲವತ್ತು ನಿಮಿಷ ಆದ ಮೇಲೆ ಮಗಳು ಕಾಗದದಲ್ಲಿ ಇಲ್ಲದ್ದೊಂದು ಮಾತು ಹೇಳಿದಳು: "ಅಪ್ಪಾ, ನಿಮ್ಮನ್ನ ಒಂದು ಮಾತು ಕೇಳದೆ ಪೆಟ್ಟಿಗೆ ಕೊಟ್ಟಿದ್ದು ನನ್ನ ತಪ್ಪು. ಕ್ಷಮಿಸ್ತೀರಾ?"

ಸರಿಯಾಗಿ ಆ ಹೊತ್ತಿಗೇ ಯಜಮಾನರ ಮೇಲಿಟ್ಟ ಕ್ಯಾಮೆರಾದ ಮೆಮೊರಿ ಕಾರ್ಡು ತುಂಬಿ, ತಮ್ಮ ಅದನ್ನು ಬದಲಾಯಿಸುತ್ತಾ ಕೂತಿದ್ದ. ಅವರ ಮುಖ ದಾಖಲಾಗಲೇ ಇಲ್ಲ. ಧ್ವನಿ ಇತ್ತು, ಮಗಳ ಕ್ಯಾಮೆರಾ ಇತ್ತು. ಧ್ವನಿಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಹತ್ತೊಂಬತ್ತು ಸೆಕೆಂಡು. ಆಮೇಲೆ ಮಗಳು ಗಂಟಲು ಸರಿಮಾಡಿಕೊಂಡು ಮುಂದಿನ ಪ್ರಶ್ನೆ ಕೇಳುತ್ತಾಳೆ, ನೀವು ಮೊದಲು ಜೋಡಿಸಿದ ಪುಸ್ತಕ ಯಾವುದು ಎಂದು. ಯಜಮಾನರು ಉತ್ತರ ಹೇಳುತ್ತಾರೆ.

ಕತ್ತರಿಯಕ್ಕ ಆ ಹತ್ತೊಂಬತ್ತು ಸೆಕೆಂಡನ್ನು ಒಂದೇ ಒಂದು ಸಲ ನೋಡಿದಳು. ಮಗಳು ತಲೆ ತಗ್ಗಿಸಿ ಪ್ರಶ್ನೆಯ ಕಾಗದದ ಮೂಲೆಯನ್ನು ಮಡಿಸುತ್ತಾ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಾ ಕೂತಿದ್ದಳು. ಕತ್ತರಿಯಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಆಕೆಯ ಅಮ್ಮನಿಗೆ ಸಿಟ್ಟು ಬಂದರೆ ಹೊಡೆಯುತ್ತಿರಲಿಲ್ಲ, ಮಾತು ನಿಲ್ಲಿಸಿಬಿಡುತ್ತಿದ್ದಳು. ಮೂರು ದಿನ, ನಾಲ್ಕು ದಿನ. ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ಆಗ ಏಳು ವರ್ಷದ ಹುಡುಗಿಯಾಗಿದ್ದ ಈಕೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಲಂಗದ ಅಂಚನ್ನು ಮಡಿಸುತ್ತಾ, ಅಮ್ಮ ಯಾವಾಗ 'ಬಾ' ಅನ್ನುತ್ತಾಳೆ ಎಂದು ಕಾಯುತ್ತಿದ್ದಳು. ಒಂದು ಏಟು ಹಾಕಿದ್ದರೆ ಎಷ್ಟೋ ವಾಸಿ ಎಂದು ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ.

ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಮಗಳ ಕ್ಲಿಪ್ಪಿನ ಅಂಚು ಹಿಡಿದು ಒಳಕ್ಕೆ ತಳ್ಳಿದಳು. ಹತ್ತೊಂಬತ್ತು ಸೆಕೆಂಡು ಎರಡಾಯಿತು. ಆ ಎರಡು ಸೆಕೆಂಡಿನ ಮೇಲೆ ಇಡಲು 'ತಲೆಯಾಟ' ಫೋಲ್ಡರ್ ತೆರೆದಳು. ಅಲ್ಲೊಂದು ತುಣುಕು ಇತ್ತು. ಯಜಮಾನರು ನಿಧಾನವಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದೇ ಒಂದು ಸಲ ತಲೆಯಾಡಿಸಿದ್ದು. ಚಿತ್ರೀಕರಣ ಶುರುವಾಗುವ ಮೊದಲು ತಮ್ಮ "ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕ್ಲಾ?" ಎಂದು ಕೇಳಿದಾಗ ಆಡಿಸಿದ ತಲೆ ಅದು. ಕಣ್ಣಲ್ಲಿ ನೀರು ಬಂದದ್ದು ಎದುರಿನ ದೀಪದ ಬೆಳಕಿಗೆ. ಆ ತುಣುಕನ್ನು ಎಳೆದು ತಂದು ಮಗಳ ಮಾತಿನ ಬೆನ್ನಿಗೆ ಇಟ್ಟಳು, ಮುಖ ಮಾತ್ರ ಕಾಣುವಂತೆ ದೊಡ್ಡದು ಮಾಡಿದಳು. 'ಕ್ಷಮಿಸ್ತೀರಾ?' ಎಂಬ ಪ್ರಶ್ನೆ, ಒದ್ದೆ ಕಣ್ಣಿನ ತಲೆಯಾಟ, ಮುಂದಿನ ಪ್ರಶ್ನೆ. ಎಲ್ಲೂ ಒಂದು ಕೂದಲೆಳೆಯಷ್ಟು ಬಿರುಕಿಲ್ಲ.

ಹುಟ್ಟುಹಬ್ಬದಲ್ಲಿ ಮನೆಯವರೆಲ್ಲ ವಿಡಿಯೊ ನೋಡಿದ ಮರುದಿನ ಮಗಳು ಫೋನ್ ಮಾಡಿದಳು. ಕತ್ತರಿಯಕ್ಕ ಅಭ್ಯಾಸದಂತೆ ಉಳಿದರ್ಧ ಮಾತು ತಾನೇ ಹೇಳಲು ಹೋದಳು, ಆದರೆ ಆ ಕಡೆಯವಳು ಬಿಡಲಿಲ್ಲ.

"ನಾನು ತಲೆ ಎತ್ತಿದಾಗ ಅಪ್ಪ ಕಿಟಕಿ ಕಡೆ ನೋಡ್ತಿದ್ರು. ಉತ್ತರ ಇಲ್ಲ ಅಂತಾನೇ ಅಂದ್ಕೊಂಡಿದ್ದೆ. ಅವರು ತಲೆಯಾಡಿಸಿದ್ದನ್ನ ನಾನೇ ನೋಡಿರ್ಲಿಲ್ಲ ನೋಡಿ. ನೀವು ತೋರಿಸದೇ ಇದ್ದಿದ್ರೆ ನಂಗೆ ಸಾಯೋವರೆಗೂ ಗೊತ್ತಾಗ್ತಿರ್ಲಿಲ್ಲ."

ಅವಳು ಅದನ್ನು ನಿಜವೆಂದೇ ನಂಬಿದ್ದಾಳೆ ಎಂದು ಕತ್ತರಿಯಕ್ಕನಿಗೆ ಹೊಳೆಯಿತು. ಆಯ್ತಮ್ಮ, ಸಂತೋಷ ಎಂದೇನೋ ಒದರಿ ಫೋನ್ ಇಟ್ಟಳು.

ತಮ್ಮನಿಗೆ ಹೇಳಿದರೆ ಅವನು ಮೊದಲು ಕಾರ್ಡಿನ ವಿಷಯಕ್ಕೆ ನಾಲಿಗೆ ಕಚ್ಚಿಕೊಂಡ, ಆಮೇಲೆ ಇದರಿಂದ ಯಾರಿಗೆ ಏನು ನಷ್ಟ, ಮುರಿದ ಮನೆ ಕೂಡಿತಲ್ಲ ಎಂದು ಭುಜ ಹಾರಿಸಿದ. ಆಕೆಯೂ ಹಾಗೆಯೇ ಅಂದುಕೊಳ್ಳಲು ನೋಡಿದಳು. ಹಗಲು ಹೊತ್ತು ಅಂದುಕೊಂಡಳು ಕೂಡ. ಆದರೆ ಬೇರೆ ಯಾವ ಕೆಲಸಕ್ಕೆ ಕೂತರೂ 'ತಲೆಯಾಟ' ಫೋಲ್ಡರ್ ತೆರೆಯಲು ಕೈ ಬರುತ್ತಿರಲಿಲ್ಲ. ಒಂದು ಹೆಣ್ಣು ಜೀವ ಆರು ವರ್ಷ ಕಾದ ಉತ್ತರವನ್ನು ತಾನು ಕುರ್ಚಿ ಸರಿಸುವ ಮಾತಿನಿಂದ ಕದ್ದು ಕೊಟ್ಟಿದ್ದಳು. ಹೇಳಿದರೆ ಅವಳ ನಗು ಹೋಗುತ್ತದೆ. ಹೇಳದಿದ್ದರೆ ಅವಳು ನಗುತ್ತಿರುವುದು ತನ್ನ ಸುಳ್ಳಿಗೆ. ಎರಡು ಸಲ ಅವರ ಮನೆಯ ಗೇಟಿನವರೆಗೂ ಹೋಗಿ, ಒಳಗಿನಿಂದ ಅವಳ ನಗು ಕೇಳಿ, ವಾಪಸು ಬಂದಳು.

ಮೂರು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಒಂದು ಸದ್ದು, ಬಹಳ ಹೊತ್ತಿನ ಮೇಲೆ ಇನ್ನೊಂದು. ಮೆಟ್ಟಿಲು ಇಪ್ಪತ್ತೆರಡು. ಕತ್ತರಿಯಕ್ಕ ಬಾಗಿಲಿಗೆ ಬಂದು ನೋಡಿದರೆ ಯಜಮಾನರು ಗೋಡೆ ಹಿಡಿದು ಹದಿನಾಲ್ಕನೆಯದರಲ್ಲಿ ನಿಂತಿದ್ದರು. ಇಳಿದು ಹೋಗಿ ಕೈ ಕೊಡಲು ಹೋದರೆ ಬೇಡ ಎಂದು ಕೋಲೆತ್ತಿ ಸನ್ನೆ ಮಾಡಿದರು. ಮೇಲೆ ಬಂದು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಈಕೆ ನೀರು ಕೊಟ್ಟು, ಫ್ಯಾನ್ ಹಾಕಿ, ಸೆಕೆಯ ಬಗ್ಗೆ ಮಾತಾಡಿ, ಮಂಡಿಯ ಬಗ್ಗೆ ಕೇಳಿ, ಅದಕ್ಕೆ ಉತ್ತರವನ್ನೂ ತಾನೇ ಹೇಳಿಯಾಗಿತ್ತು. ಯಜಮಾನರು ಎಲ್ಲ ಮುಗಿಯಲಿ ಎಂದು ಕಾದರು. ಮಗಳು ಕರೆದುಕೊಂಡು ಬಂದಿದ್ದಾಳೆ, ಕೆಳಗೆ ಬೀಗದವನ ಅಂಗಡಿಯಲ್ಲಿ ಕೂರಿಸಿ ಬಂದಿದ್ದೇನೆ ಎಂದರು. ಆಮೇಲೆ ಬಂದ ವಿಷಯಕ್ಕೆ ಬಂದರು.

"ಅಲ್ಲಿ ನನ್ನ ಕಾಲರ್ ಗುಂಡಿ ಬಿಚ್ಚಿದೆಯಮ್ಮ."

ಎಲ್ಲಿ ಎಂದು ಕತ್ತರಿಯಕ್ಕ ಕೇಳಲಿಲ್ಲ.

"ಮೈಕ್ ಸಿಗಿಸೋವಾಗ ನಿನ್ನ ತಮ್ಮ ಗುಂಡಿ ಹಾಕಿದ. ಆಮೇಲೆ ಪೂರ್ತಿ ಹಾಕೇ ಇದೆ. ತಲೆಯಾಡಿಸೋ ಅದೊಂದು ಕಡೆ ಮಾತ್ರ ಬಿಚ್ಚಿದೆ. ಐವತ್ತು ವರ್ಷ ಮೊಳೆ ಮೇಲಿನ ತಲೆಕೆಳಗಾದ ಅಕ್ಷರ ಓದಿದ ಕಣ್ಣು. ಬೇರೆ ಪೆಟ್ಟಿಗೆಯಿಂದ ಬಂದ ಮೊಳೆ ಒಂದು ಸಾಲಲ್ಲಿ ಸೇರ್ಕೊಂಡ್ರೆ ಕಾಣದೇ ಇರುತ್ತಾ?"

ಕತ್ತರಿಯಕ್ಕ ಮರೆಮಾಚಲು ಹೋಗಲಿಲ್ಲ. ಕಾರ್ಡು ತುಂಬಿದ್ದು, ಕುರ್ಚಿ ಸರಿಸಿದ್ದು, ದೀಪದ ಬೆಳಕು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕುರ್ಚಿಯ ಮಾತು ಬಂದಾಗ ಯಜಮಾನರ ಹೊಟ್ಟೆ ಕುಲುಕಿತು. ನಕ್ಕರು. ಕ್ಷಮಿಸು ಅಂದಿದ್ದಕ್ಕೆ ಕುರ್ಚಿ ಹಿಂದಕ್ಕೆ ಹಾಕು ಅಂದ ಹಾಗಾಯಿತು ಎಂದು ತಮಗೆ ತಾವೇ ಹೇಳಿಕೊಂಡರು. ನಗು ಬೇಗ ಇಳಿಯಿತು.

"ಮೂರು ವಾರ ಸುಮ್ಮನಿದ್ದೆ. ಬೆಳಿಗ್ಗೆ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತ್ಕೋತಾಳೆ. ಆಸ್ಪತ್ರೆ ಕಥೆ ಹೇಳ್ತಾಳೆ. ನಾನೂ ಹ್ಞೂಂ ಅಂತೀನಿ. ಆದ್ರೆ ಆ ಕಾಫಿನ ಕದ್ದು ಕುಡಿದ ಹಾಗಾಗುತ್ತೆ. ನಾನು ಅವಳಿಗೆ ಏನೂ ಕೊಟ್ಟಿಲ್ಲ. ಕೊಟ್ಟಿದ್ದು ನೀನು."

ಹಾಗಾದರೆ ಅಂದು ನಿಜವಾಗಿ ಏನು ಮಾಡಿದಿರಿ ಎಂದು ಕತ್ತರಿಯಕ್ಕ ಕೇಳಿದಳು. ಕೇಳಿ, ಬಹುಶಃ ಹುಟ್ಟಿದ ಮೇಲೆ ಮೊದಲ ಸಲ, ಉತ್ತರವನ್ನು ತಾನೇ ಹೇಳದೆ ಕಾದಳು. ಕೆಳಗೆ ಬೀಗದವನ ಯಂತ್ರ ಕಿರ್ರೆಂದು ಒಂದು ಬೀಗದ ಕೈಯ ಹಲ್ಲು ಕೊರೆದು ನಿಂತಿತು.

"ಕಿಟಕಿ ನೋಡ್ತಿದ್ದೆ" ಎಂದರು ಯಜಮಾನರು. "ಉತ್ತರ ಕೊಡಬಾರದು ಅಂತ ಗಟ್ಟಿ ಮಾಡ್ಕೊಂಡಿದ್ದೆ. ಆರು ವರ್ಷದಿಂದ ಅದೇ ತಾನೆ ಮಾಡ್ತಿರೋದು. ಅವಳು ನಮ್ಮನೇಲಿ ಪೆಟ್ಟಿಗೆ ಇಟ್ಟಿದ್ದ ಜಾಗ ಖಾಲಿ ಮಾಡಿದ್ಲು, ನಾನು ಉಳಿದ ಮನೆಯನ್ನೆಲ್ಲ ಖಾಲಿ ಮಾಡಿದೆ."

ಆಮೇಲೆ ಪರದೆಯ ಕಡೆ ತಿರುಗಿ, ನೀನು ತೆಗೆದುಹಾಕಿದ್ದು ಇನ್ನೂ ಇದೆಯಾ, ಅಥವಾ ಅದೂ ಗುಜರಿಗೆ ಹೋಯಿತಾ ಎಂದು ಕೇಳಿದರು. ಈಕೆ ಇದೆ ಎಂದಳು. ಪರದೆಯ ಮೇಲೆ ಆ ಜಾಗ ಹುಡುಕಿ, ತಲೆಯಾಟದ ತುಣುಕನ್ನು ಪಕ್ಕಕ್ಕೆ ಸರಿಸಿ, ಮಗಳ ಕ್ಲಿಪ್ಪಿನ ಅಂಚು ಹಿಡಿದು ಹೊರಕ್ಕೆ ಎಳೆದಳು. ಅಡಗಿ ಕೂತಿದ್ದ ಸೆಕೆಂಡುಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಯಜಮಾನರು ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಅಪ್ಪಾ, ನಿಮ್ಮನ್ನ ಒಂದು ಮಾತು ಕೇಳದೆ ಪೆಟ್ಟಿಗೆ ಕೊಟ್ಟಿದ್ದು ನನ್ನ ತಪ್ಪು. ಕ್ಷಮಿಸ್ತೀರಾ?"

ಗಡಿಯಾರ ಟಿಕ್ ಟಿಕ್ ಎಂದಿತು. ಮಗಳ ತಲೆ ತಗ್ಗಿತು. ಬೆರಳುಗಳು ಕಾಗದದ ಮೂಲೆ ಮಡಿಸಿದವು. ಮತ್ತೆ ಮಡಿಸಿದವು. ದಪ್ಪಗಾಗಿ ಇನ್ನು ಮಡಿಸಲು ಬಾರದಾದಾಗ ಬಿಚ್ಚಿ, ಗೆರೆ ತೀಡಿ, ಮೊದಲಿನಿಂದ ಶುರು ಮಾಡಿದವು. ಹನ್ನೆರಡನೆಯ ಸೆಕೆಂಡಿಗೆ ಅವಳು ತಲೆ ಎತ್ತಿದಳು. ಐವತ್ತು ದಾಟಿದ ಹೆಂಗಸು, ನೂರಾರು ರೋಗಿಗಳನ್ನು ಗದರಿಸಿ ಮಲಗಿಸಿದವಳು. ಆ ಕ್ಷಣಕ್ಕೆ ಅವಳ ಮುಖ ಶಾಲೆಯ ಬಾಗಿಲಲ್ಲಿ ಕರೆದೊಯ್ಯುವವರಿಗಾಗಿ ಕಾಯುವ ಮಗುವಿನದಾಗಿತ್ತು. ಎದುರಿಗೆ ನೋಡಿದಳು. ನೋಡಿದ್ದು ಏನೆಂದು ಈಗ ಇಬ್ಬರಿಗೂ ಗೊತ್ತಿತ್ತು. ಕಣ್ಣು ನಿಧಾನವಾಗಿ ಕೆಳಗಿಳಿಯಿತು. ಕಾಗದ ನೇರ ಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. "ನೀವು ಮೊದಲು ಜೋಡಿಸಿದ ಪುಸ್ತಕ ಯಾವುದು?"

"ಇನ್ನೊಂದು ಸಲ" ಎಂದರು ಯಜಮಾನರು.

ಇನ್ನೊಂದು ಸಲ ನೋಡಿದರು. ಮೂರನೆಯ ಸಲ ಹನ್ನೆರಡನೆಯ ಸೆಕೆಂಡಿನಲ್ಲಿ ನಿಲ್ಲಿಸು ಎಂದರು. ಕತ್ತರಿಯಕ್ಕ ನಿಲ್ಲಿಸಿದಳು. ಮಗಳ ಮುಖ ಪರದೆಯ ತುಂಬ ನಿಂತಿತು. ಆಕೆಗೆ ತನ್ನ ಲಂಗದ ಅಂಚು ನೆನಪಾಯಿತು, ಅಡುಗೆ ಮನೆಯ ಬಾಗಿಲು ನೆನಪಾಯಿತು. ಇದನ್ನು ತೆಗೆದದ್ದು ವಿಡಿಯೊ ಚೆನ್ನಾಗಿ ಬರಲಿ ಎಂದಲ್ಲ, ನನಗೆ ನೋಡಲಾಗಲಿಲ್ಲ, ನಮ್ಮಮ್ಮನೂ ಹೀಗೇ ಮಾತು ಬಿಡುತ್ತಿದ್ದಳು ಎಂದು ಯಜಮಾನರಿಗೆ ಹೇಳಿಬಿಟ್ಟಳು. ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಎಷ್ಟು ದಿನ ಬಿಡ್ತಿದ್ರು?"

"ಮೂರು, ನಾಲ್ಕು."

"ಮೂರು, ನಾಲ್ಕು" ಎಂದು ಯಜಮಾನರು ಮೆಲ್ಲಗೆ ಹೇಳಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಆ ಕೋಣೆಯಲ್ಲಿ ಎದುರಿಗೆ ಹಿಡಿದ ದೀಪ ಯಾವುದೂ ಇರಲಿಲ್ಲ. ಪರದೆಯ ಮೇಲೆ ಕಾಯುತ್ತಿದ್ದ ಮುಖ ನೋಡುತ್ತಾ ನಿಧಾನವಾಗಿ ಒಂದು ಸಲ ತಲೆಯಾಡಿಸಿದರು. ಕತ್ತರಿಯಕ್ಕ ನೋಡಿದಳು. ಅದು ಫೋಲ್ಡರಿನಲ್ಲಿದ್ದ ತಲೆಯಾಟದ ಹಾಗೆ ಚೆಂದ ಇರಲಿಲ್ಲ. ಗದ್ದ ನಡುಗುತ್ತಿತ್ತು, ತುಟಿ ಒಂದು ಕಡೆಗೆ ಎಳೆದಿತ್ತು. ಕೈಗೆಟುಕುವ ಕಪಾಟಿನಲ್ಲೇ ಕ್ಯಾಮೆರಾ ಇತ್ತು, ಆಕೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ನನ್ನ ತಲೆ ತೆಗೆದುಬಿಡಮ್ಮ. ಅವಳನ್ನ ಹಾಗೇ ಇಡು. ಪೂರ್ತಿ."

ಆಕೆಗೆ ಭಯವಾಯಿತು. ನಿಮ್ಮ ಮಗಳು ಮತ್ತೊಮ್ಮೆ ವಿಡಿಯೊ ಹಾಕಿ ನೋಡಿದರೆ, ತಲೆಯಾಟ ಎಲ್ಲಿ ಹೋಯಿತು ಎಂದು ಕೇಳಿದರೆ ಏನು ಗತಿ ಎಂದಳು. ಇಷ್ಟು ಖಾಲಿ ಜಾಗ ಬಿಟ್ಟರೆ ನೋಡುವವರಿಗೆ ಏನೋ ತಪ್ಪಾಗಿದೆ ಅನ್ನಿಸುತ್ತದೆ ಎಂದೂ ಸೇರಿಸಿದಳು. ಅದು ಹಳೆಯ ಚಾಳಿಯ ಮಾತು.

"ತಪ್ಪಾಗಿದೆಯಲ್ಲ, ಅನ್ನಿಸ್ಲಿ ಬಿಡು" ಎಂದರು ಯಜಮಾನರು. "ನಮ್ಮ ಕೆಲಸದಲ್ಲಿ ಖಾಲಿ ಜಾಗ ತಾನಾಗಿ ಬರೋದಿಲ್ಲ, ಗೊತ್ತಾ. ಎರಡು ಪದಗಳ ಮಧ್ಯೆ ಅಕ್ಷರ ಇಲ್ಲದ ಒಂದು ಸೀಸದ ತುಂಡು ಇಡಬೇಕು. ಅದನ್ನೂ ಕೈಯಲ್ಲೇ ಹೆಕ್ಕಬೇಕು, ಅದಕ್ಕೂ ತೂಕ ಇರುತ್ತೆ. ಅದನ್ನ ಬಿಟ್ರೆ ಸಾಲು ಓದೋಕೆ ಬರಲ್ಲ. ಇನ್ನು ತಲೆಯಾಟದ ವಿಷಯ. ಅದನ್ನ ನಾನೇ ಹೋಗಿ ಆಡಿಸ್ತೀನಿ."

ಅವರ ಕಣ್ಣೆದುರೇ ಕತ್ತರಿಯಕ್ಕ ತುಣುಕನ್ನು ಅಳಿಸಿದಳು. ಹತ್ತೊಂಬತ್ತು ಸೆಕೆಂಡು ಅಷ್ಟಗಲಕ್ಕೆ ಕಾಲು ಚಾಚಿ ಕೂತಿತು. ಹಿಂದಿದ್ದ ಪಟ್ಟಿಗಳೆಲ್ಲ ಅದಕ್ಕೆ ಜಾಗ ಬಿಟ್ಟು ಹಿಂದೆ ಸರಿದವು. ಐವತ್ತೆರಡು ನಿಮಿಷವಿದ್ದ ವಿಡಿಯೊ ಇನ್ನೂ ಹದಿನೇಳು ಸೆಕೆಂಡು ಉದ್ದವಾಯಿತು. ಯಜಮಾನರು ಕೊನೆಯವರೆಗೂ ನೋಡಿ, ನಿನ್ನದೂ ಒಂದು ಮೊಳೆ ಪೆಟ್ಟಿಗೆಯೇ ಬಿಡು, ಒಂದು ಮನೆಯದನ್ನು ಇನ್ನೊಂದು ಮನೆಗೆ ಹಾಕದೆ ಇದ್ದರೆ ಆಯಿತು ಎಂದು ಎದ್ದರು. ಕೈ ಹಿಡಿಯಲು ಬಿಡಲಿಲ್ಲ.

ಕೋಲಿನ ಸದ್ದು ಇಳಿಯತೊಡಗಿತು. ಒಂದು ಸದ್ದು, ಬಹಳ ಹೊತ್ತಿನ ಮೇಲೆ ಇನ್ನೊಂದು. ಕತ್ತರಿಯಕ್ಕ ಕಿಟಕಿಗೆ ಹೋಗಿ ನಿಂತಳು. ಕೆಳಗೆ, ಬೀಗದವನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಮಗಳು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಬಸ್ಸಿನ ಟಿಕೆಟ್ಟೋ ಔಷಧಿ ಚೀಟಿಯೋ ಇತ್ತು, ಅದರ ಮೂಲೆ ಮಡಿಸುತ್ತಿದ್ದಳು. ಇಪ್ಪತ್ತೆರಡು ಮೆಟ್ಟಿಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿಯಿತು. ಕತ್ತರಿಯಕ್ಕ ಅಲ್ಲಿಂದ ಕದಲಲಿಲ್ಲ.

ಯಜಮಾನರು ಬೀದಿಗೆ ಬಂದು ಮಗಳ ಮುಂದೆ ನಿಂತರು. ಅವಳು ಚೀಲ ಎತ್ತಿಕೊಂಡು ಏಳಲು ಹೋದಳು. ಅವರು ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಏನೋ ಹೇಳತೊಡಗಿದರು. ಬೀಗದವನ ಯಂತ್ರ ಮತ್ತೆ ಕಿರ್ರೆನ್ನುತ್ತಿದ್ದುದರಿಂದ ಮೇಲಕ್ಕೆ ಒಂದು ಅಕ್ಷರವೂ ಕೇಳಿಸಲಿಲ್ಲ. ಮಗಳ ತಲೆ ತಗ್ಗಿತು. ಸತ್ಯ ಹೇಳುತ್ತಿದ್ದಾರೆ, ಕುರ್ಚಿಯ ಸಂಗತಿ ಹೇಳುತ್ತಿದ್ದಾರೆ ಎಂದು ಕತ್ತರಿಯಕ್ಕನಿಗೆ ಗೊತ್ತಾಯಿತು. ಮಗಳ ಕೈಯಲ್ಲಿದ್ದ ಚೀಟಿ ಒಂದು ಮಡಿಕೆ, ಇನ್ನೊಂದು ಮಡಿಕೆ ಚಿಕ್ಕದಾಯಿತು. ಯಜಮಾನರ ಮಾತು ಮುಗಿಯಿತು. ಯಂತ್ರವೂ ನಿಂತಿತು. ಯಾರೂ ಏನೂ ಹೇಳಲಿಲ್ಲ. ಆ ಮೌನವನ್ನು ತುಂಬಲು ಮೇಲಿನ ಕಿಟಕಿಯಲ್ಲಿ ನಿಂತವಳ ಹತ್ತಿರ ಏನೂ ಇರಲಿಲ್ಲ, ತುಂಬಬೇಕು ಎಂದೂ ಅನ್ನಿಸಲಿಲ್ಲ.

ಆಮೇಲೆ ಮಗಳು ತಲೆ ಎತ್ತಿದಳು. ಯಜಮಾನರು ಅವಳನ್ನೇ ನೋಡುತ್ತಾ ನಿಂತಿದ್ದರು.